ಮುದಗಲ್ಲಿಗೆ ಹೋದ ಐದು ಸಾವಿರ ಕುದುರೆಗಳು

ನಕಾಶೆಯ ಮೇಲೆ ಆನೆಗೊಂದಿಯಿಂದ ಮುದಗಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 75 ಕಿಲೋಮೀಟರ್ ಆಗುತ್ತದೆ. ಆ ಗೆರೆ ತುಂಗಭದ್ರೆಯ ಬಂಡೆಗುಡ್ಡಗಳನ್ನು ದಾಟಿ, ಗಂಗಾವತಿ ಸೀಮೆಯನ್ನು ಹಾಯ್ದು, ಕನಕಗಿರಿಯನ್ನು ಸವರಿಕೊಂಡು, ಕುಷ್ಟಗಿ ತಾಲೂಕಿನ ತಾವರಗೇರಾ ಕಡೆಯಿಂದ ಉತ್ತರಕ್ಕೆ ಸಾಗುತ್ತದೆ. 1406ರ ಸುಮಾರಿಗೆ ವಿಜಯನಗರದ ಒಂದನೆಯ ದೇವರಾಯ ತನ್ನ ಸೈನ್ಯದ ಐದು ಸಾವಿರ ಉತ್ತಮ ಕುದುರೆಗಳನ್ನು ಈ ನೆಲದ ಮೇಲೆ ಓಡಿಸಿದ. ಹಗಲು ರಾತ್ರಿ ಎನ್ನದೆ ಹೋಗಿ, ಸುದ್ದಿ ಮುಟ್ಟುವ ಮೊದಲೇ ಮುದಗಲ್ ಬಳಿಯ ಒಂದು ಹಳ್ಳಿಯನ್ನು ಸುತ್ತುವರಿಯಬೇಕು ಎಂಬುದು ಅವರಿಗೆ ಕೊಟ್ಟ ಆಜ್ಞೆ.

ಕಥೆ ಹೇಳಿದವನು ಫೆರಿಷ್ತಾ. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದ ಆಶ್ರಯದಲ್ಲಿ, ಘಟನೆ ನಡೆದು ಇನ್ನೂರು ವರ್ಷಗಳಾದ ಮೇಲೆ ಪಾರಸಿಯಲ್ಲಿ ಬರೆದವನು. ಅವನ ಪ್ರಕಾರ ಕಾಶಿಗೆ ಹೋಗಿ ಮರಳುತ್ತಿದ್ದ ಬ್ರಾಹ್ಮಣನೊಬ್ಬ ಮುದಗಲ್ ಹತ್ತಿರದ ಅಕ್ಕಸಾಲಿಗನ ಮನೆಯಲ್ಲಿ ತಂಗಿದ. ಅಕ್ಕಸಾಲಿಗನ ಮಗಳ ಚೆಲುವು ಕಂಡು ಬೆರಗಾದ. ವಿಜಯನಗರಕ್ಕೆ ಬಂದು ರಾಯನ ಕಿವಿಗೆ ಹಾಕಿದ. ರಾಯ ಒಡವೆ ಕಳಿಸಿ ಕೇಳಿದ. ಅರಮನೆ ಹೊಕ್ಕ ಮೇಲೆ ತಂದೆತಾಯಿಯ ಮುಖ ನೋಡಲು ಸಿಗುವುದಿಲ್ಲ ಎಂದು ಹುಡುಗಿ ಒಲ್ಲೆ ಎಂದಳು. ಆಗ ರಾಯ ಸೈನ್ಯದೊಡನೆ ತುಂಗಭದ್ರೆಯ ದಂಡೆಗೆ ಬಂದು ಕುದುರೆ ದಳವನ್ನು ಮುಂದೆ ಬಿಟ್ಟ. ಕುದುರೆಗಳು ಹೋಗಿ ನೋಡಿದಾಗ ಹಳ್ಳಿ ಖಾಲಿ. ದಂಡು ಬರುತ್ತದೆಂಬ ಗಾಳಿಸುದ್ದಿಗೇ ಹೆದರಿ ಹುಡುಗಿಯ ಮನೆಯವರೂ ಓಡಿಹೋಗಿದ್ದರು. ಬರಿಗೈಯಲ್ಲಿ ಮರಳುವ ದಂಡು ದಾರಿಯ ಊರುಗಳನ್ನು ಸುಲಿಗೆ ಮಾಡಿತು. ಬಹಮನಿ ಅಧಿಕಾರಿ ಫೌಲಾದ್ ಖಾನ್ ಅವರ ಮೇಲೆ ಬಿದ್ದ. ಮೊದಲ ಸಲ ಅವನೇ ಹಿಮ್ಮೆಟ್ಟಬೇಕಾಯಿತು, ಎರಡನೆಯ ಸಲ ಸುಮಾರು ಎರಡು ಸಾವಿರ ಜನರನ್ನು ಕೊಂದ ಎನ್ನುತ್ತಾನೆ ಫೆರಿಷ್ತಾ. ಅದರಿಂದ ಹೊತ್ತಿಕೊಂಡ ಯುದ್ಧದಲ್ಲಿ ಫಿರೋಜ್ ಶಹಾ ಬಹಮನಿ ತುಂಗಭದ್ರೆಯವರೆಗೆ ಬಂದ. ಕೊನೆಗೆ ದೇವರಾಯ ಮಗಳನ್ನು ಅವನಿಗೆ ಮದುವೆ ಮಾಡಿಕೊಟ್ಟು, ಬಂಕಾಪುರವನ್ನು ಬಳುವಳಿಯಾಗಿ ಬಿಟ್ಟುಕೊಡಬೇಕಾಯಿತು.

ಈ ಕಥೆಯನ್ನು ಓದಿದವರೆಲ್ಲ ಹುಡುಗಿಯ ಹಿಂದೆ ಹೋಗಿದ್ದಾರೆ. ಹುಡುಗಿಯ ಭಾಗ ಕಟ್ಟುಕಥೆಯೇ ಇದ್ದೀತು. ದೊರೆಗಳ ಯುದ್ಧಕ್ಕೆ ಹೆಣ್ಣಿನ ಕಾರಣ ಹಚ್ಚುವುದು ಆ ಕಾಲದ ಇತಿಹಾಸಕಾರರ ರೂಢಿ. ನನಗೆ ಕುತೂಹಲ ಹುಟ್ಟಿಸುವುದು ಕುದುರೆಗಳು. ಹೋಗುವಾಗ ‘ಉತ್ತಮ’ ಎಂದು ಆರಿಸಿದ್ದ ಕುದುರೆಗಳು ಬರುವಾಗ ಏನಾಗಿದ್ದವು? ಉತ್ತಮ ಎಂದು ಆರಿಸಿದವರು ಏನು ನೋಡಿ ಆರಿಸಿದರು?

ಕುದುರೆಗೆ 75 ಕಿಲೋಮೀಟರ್ ಆಗದ ಮಾತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ನಡೆಯುತ್ತಿರುವ ಟೆವಿಸ್ ಕಪ್ ಎಂಬ ಸ್ಪರ್ಧೆಯಲ್ಲಿ ಒಂದೇ ಕುದುರೆ 24 ಗಂಟೆಯೊಳಗೆ 100 ಮೈಲು, ಅಂದರೆ 160 ಕಿಲೋಮೀಟರ್ ಬೆಟ್ಟದ ದಾರಿಯನ್ನು ಕ್ರಮಿಸಬೇಕು. ಇಂಥ ದೂರದೋಟಗಳಲ್ಲಿ ಮೊದಲು ಮುಟ್ಟಿದ್ದೇ ಗೆಲುವಲ್ಲ. ನಡುನಡುವೆ ಪಶುವೈದ್ಯರು ಕುದುರೆಯನ್ನು ನಿಲ್ಲಿಸಿ ನಾಡಿ ಎಣಿಸುತ್ತಾರೆ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ನಿಗದಿತ ಸಮಯದೊಳಗೆ ನಾಡಿ ನಿಮಿಷಕ್ಕೆ 64ಕ್ಕೆ ಇಳಿಯದಿದ್ದರೆ ಕುದುರೆ ಅಲ್ಲಿಗೇ ಹೊರಗೆ. ಓಡಿದ ವೇಗಕ್ಕಿಂತ ಓಡಿ ನಿಂತ ಮೇಲೆ ಎಷ್ಟು ಬೇಗ ಸುಧಾರಿಸಿಕೊಂಡಿತು ಎಂಬುದೇ ತಾಕತ್ತಿನ ಅಳತೆ. ಮುದಗಲ್ಲಿಗೆ ಹೋದ ಕುದುರೆಗಳಿಗೆ ಈ ಸುಧಾರಿಕೆಯ ಹೊತ್ತು ಸಿಗಲಿಲ್ಲ. ಸವಾರ, ಆಯುಧ, ಜೀನಿನ ಭಾರ ಹೊತ್ತು ಹೋದವು. ಮರಳುವಾಗ ಸುಲಿಗೆಯ ಗಂಟುಗಳೂ ಸೇರಿದ್ದಾವು. ಫೌಲಾದ್ ಖಾನನ ಕುದುರೆಗಳಾದರೋ ತಮ್ಮ ನೆಲದಲ್ಲಿ, ಮೇವು ತಿಂದು ನಿಂತವು. ಎರಡನೆಯ ಏಟಿಗೆ ದಂಡು ಮುರಿದದ್ದಕ್ಕೆ ಫೆರಿಷ್ತಾ ಕಾರಣ ಹೇಳುವುದಿಲ್ಲ. ದಣಿವು ಒಂದು ಕಾರಣ ಇದ್ದಿರಲೇಬೇಕು ಎಂದು ನನ್ನ ಅಂದಾಜು.

ಓಟಕ್ಕೆ ಮೊದಲು ಕುದುರೆಯನ್ನು ಅಂದಾಜು ಮಾಡುವುದು, ಓಟ ಮುಗಿದ ಮೇಲೆ ಆ ಅಂದಾಜನ್ನು ತಿದ್ದುವುದು: ಇದನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಒಯ್ದವರು ಬ್ರಿಟನ್ ಮತ್ತು ಐರ್ಲೆಂಡಿನ ಸ್ಟೀಪಲ್‌ಚೇಸ್‌ನವರು. 1752ರಲ್ಲಿ ಐರ್ಲೆಂಡಿನಲ್ಲಿ ಇಬ್ಬರು ಗೃಹಸ್ಥರು ಒಂದು ಚರ್ಚಿನ ಶಿಖರದಿಂದ ಇನ್ನೊಂದು ಚರ್ಚಿನ ಶಿಖರದವರೆಗೆ ಬೇಲಿ, ಹಳ್ಳ, ಗೋಡೆ ಹಾರಿಸುತ್ತ ಪಂದ್ಯ ಕಟ್ಟಿದರಂತೆ. ಶಿಖರಕ್ಕೆ ಇಂಗ್ಲಿಷಿನಲ್ಲಿ ಸ್ಟೀಪಲ್. ಹೆಸರು ಬಂದದ್ದು ಹಾಗೆ. ಇವತ್ತು ಅದರ ದೊಡ್ಡ ಪಂದ್ಯ ಗ್ರ್ಯಾಂಡ್ ನ್ಯಾಷನಲ್: ಸುಮಾರು 7 ಕಿಲೋಮೀಟರ್, 30 ಜಿಗಿತ. 1839ರಲ್ಲಿ ಅದನ್ನು ಗೆದ್ದ ಕುದುರೆಯ ಹೆಸರು ಲಾಟರಿ. ಆದರೆ ಅದರ ಗೆಲುವು ಲಾಟರಿಯಲ್ಲ ಎಂಬುದು ಎಲ್ಲರಿಗೂ ಬೇಗ ಗೊತ್ತಾಯಿತು. ಎರಡು ವರ್ಷದ ನಂತರ ಅದೇ ಪಂದ್ಯದಲ್ಲಿ ಅದರ ಬೆನ್ನಿನ ಮೇಲೆ 13 ಸ್ಟೋನ್ 4 ಪೌಂಡು, ಅಂದರೆ 84 ಕಿಲೋ ಹೊರಿಸಿದರು. ಗೆದ್ದ ಕುದುರೆಗೆ ಭಾರ ಹೆಚ್ಚು, ಸೋತದ್ದಕ್ಕೆ ಕಡಿಮೆ: ಈ ಕ್ರಮ ಈಗಲೂ ಇದೆ. ಓಟದ ಮೊದಲಿನ ಲೆಕ್ಕ ಊಹೆ, ನಂತರದ್ದು ತೀರ್ಪು ಎಂದು ಅವರು ಒಪ್ಪಿಕೊಂಡಿದ್ದಾರೆ.

ಯಾಕೆಂದರೆ ಕುದುರೆಯ ತಾಕತ್ತು ಇರುವುದು ಕಣ್ಣಿಗೆ ಕಾಣದ ಜಾಗದಲ್ಲಿ. ಕುದುರೆ ಬಾಯಿಂದ ಉಸಿರಾಡಲಾರದು, ಮೂಗಿನಿಂದ ಮಾತ್ರ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು. ಹೆಜ್ಜೆಯೂ ಉಸಿರೂ ಒಂದೇ ತಾಳಕ್ಕೆ ಸಿಕ್ಕಿರುತ್ತವೆ. ಓಟ ಬಿರುಸಾದಾಗ ಗುಲ್ಮ ಕುಗ್ಗಿ, ತಾನು ಕೂಡಿಟ್ಟಿದ್ದ ಕೆಂಪು ರಕ್ತಕಣಗಳನ್ನು ನಾಳಗಳಿಗೆ ಬಿಡುತ್ತದೆ. ಹೃದಯ ದೊಡ್ಡದಿದ್ದಷ್ಟೂ ಒಳ್ಳೆಯದು. ಆಸ್ಟ್ರೇಲಿಯಾದ ಹೆಸರಾಂತ ಕುದುರೆ ಫಾರ್ ಲ್ಯಾಪ್‌ನ ಹೃದಯ ಆರು ಕಿಲೋಗೂ ಹೆಚ್ಚು ತೂಗಿತು. ತೂಗಿದ್ದು ಅದು ಸತ್ತ ಮೇಲೆ.

ನಮ್ಮವರು ನೋಡುತ್ತಿದ್ದದ್ದು ಏನನ್ನು? ಮೊದಲು ಹಲ್ಲು, ಆಮೇಲೆ ಸುಳಿ. ಕೊಪ್ಪಳ ಸೀಮೆಯ ದನದ ಸಂತೆಗಳಲ್ಲಿ ಎತ್ತಿಗೆ ಇವತ್ತಿಗೂ ನಡೆಯುವ ಪರೀಕ್ಷೆ ಇದೇ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ವಯಸ್ಸು ಹೇಳುತ್ತಾರೆ. ಹಣೆ, ಬೆನ್ನು, ಎದೆಯ ಮೇಲಿನ ಕೂದಲ ಸುಳಿ ನೋಡಿ ಮನೆಗೆ ಆಗಿಬರುತ್ತದೋ ಇಲ್ಲವೋ ಎನ್ನುತ್ತಾರೆ. ಕುದುರೆಗೆ ಈ ಶಾಸ್ತ್ರ ಇನ್ನೂ ವಿಸ್ತಾರವಾಗಿತ್ತು. ಶಾಲಿಹೋತ್ರ, ನಕುಲರ ಹೆಸರಿನ ಸಂಸ್ಕೃತ ಗ್ರಂಥಗಳು ಬಣ್ಣ, ಸುಳಿ, ದನಿ, ವಾಸನೆ, ನಡಿಗೆ ಎಲ್ಲಕ್ಕೂ ಫಲ ಹೇಳುತ್ತವೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ತಳಿ, ಲಕ್ಷಣ, ಪಳಗಿಸುವ ಬಗೆ, ಕುದುರೆ ಏರಿ ಆಡುವ ಚೆಂಡಾಟದ ವಿವರಗಳಿವೆ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಮಹಾದೇವ ದಂಡನಾಯಕ 1112ರಲ್ಲಿ ದೇವಾಲಯ ಕಟ್ಟಿಸಿದ್ದು ಈ ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ; ಕುದುರೆ ನಡಿಗೆ ಕಲಿಯುವ ಬಯಲಿಗೆ ‘ವೈಹಾಳಿ’ ಎಂಬ ಮಾತು ಹಳೆಯ ಕನ್ನಡಕ್ಕೆ ಚೆನ್ನಾಗಿ ಪರಿಚಯವಿತ್ತು. ಮುಂದೆ ಅಭಿನವಚಂದ್ರ ಎಂಬುವನು ಅಶ್ವವೈದ್ಯವನ್ನು ಕನ್ನಡದಲ್ಲೇ ಬರೆದ.

ಹಲ್ಲು ಸುಳ್ಳು ಹೇಳುವುದಿಲ್ಲ. ಕುದುರೆಗೆ ಐದು ವರ್ಷ ತುಂಬುವವರೆಗೆ ಮುಂಬಾಯಿಯ ಹಲ್ಲುಗಳು ಬದಲಾಗುತ್ತಲೇ ಇರುತ್ತವೆ. ನಡಿಗೆಯೂ ಬಹಳಷ್ಟು ಹೇಳುತ್ತದೆ. ಸುಳಿಗೂ ಉಸಿರಿಗೂ ಮಾತ್ರ ಯಾವ ಸಂಬಂಧವೂ ಇಲ್ಲ. ಸಂಬಂಧ ಇದ್ದದ್ದು ಬೆಲೆಗೆ. ಕೆಟ್ಟ ಸುಳಿ ತೋರಿಸಿ ಬೆಲೆ ಇಳಿಸಬಹುದಿತ್ತು, ಒಳ್ಳೆಯ ಸುಳಿ ತೋರಿಸಿ ಏರಿಸಬಹುದಿತ್ತು. ಕೊಳ್ಳುವವನಿಗೂ ಮಾರುವವನಿಗೂ ಮಾತಿಗೆ ಒಂದು ಹಿಡಿಕೆ ಬೇಕಲ್ಲ.

ಶಾಸ್ತ್ರ ಕೈಕೊಟ್ಟ ಮಾತು ವಿಜಯನಗರದ ಆಸ್ಥಾನದಲ್ಲೇ ಬಂತು. ಮುದಗಲ್ ಪ್ರಸಂಗವಾಗಿ ಒಂದು ಪೀಳಿಗೆ ಕಳೆದಿತ್ತು. ಇಮ್ಮಡಿ ದೇವರಾಯ ತನ್ನ ಹಿರಿಯರನ್ನು ಕೂಡಿಸಿ ಕೇಳಿದನಂತೆ: ನಮ್ಮ ದೇಶ ದೊಡ್ಡದು, ಜನ ಹೆಚ್ಚು, ಹಣ ಹೆಚ್ಚು, ಆದರೂ ಬಹಮನಿಗಳ ಎದುರು ನಾವು ಯಾಕೆ ಸೋಲುತ್ತೇವೆ? ಕೆಲವರು ವಿಧಿ ಎಂದರು. ಇನ್ನು ಕೆಲವರು ಎರಡೇ ಕಾರಣ ಕೊಟ್ಟರು. ಅವರ ಕುದುರೆಗಳು ಬಲವಾದವು, ಕರ್ನಾಟಕದ ಬಡಕಲು ಕುದುರೆಗಳಿಗಿಂತ ಹೆಚ್ಚು ದಣಿವು ತಾಳಬಲ್ಲವು. ಎರಡನೆಯದಾಗಿ, ಅವರ ಬಿಲ್ಲುಗಾರರು ಒಳ್ಳೆಯವರು. ಇದನ್ನು ಹೇಳುವವನೂ ಫೆರಿಷ್ತಾನೇ. ತನ್ನ ಪಕ್ಷದ ಹೆಮ್ಮೆ ಅದರಲ್ಲಿ ಸೇರಿದ್ದರೆ ಆಶ್ಚರ್ಯವಿಲ್ಲ. ಆದರೆ ಇಮ್ಮಡಿ ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು ಅವರಿಗೆ ಜಹಗೀರು ಕೊಟ್ಟ ಎಂಬಲ್ಲಿಗೆ ಕಥೆ ನಿಲ್ಲುತ್ತದೆ. ಬಿಲ್ಲುಗಾರರ ಸಮಸ್ಯೆ ಹಾಗೆ ಬಗೆಹರಿಯಿತು. ಕುದುರೆಯ ಸಮಸ್ಯೆ ಬಗೆಹರಿಸಲು ಸಮುದ್ರ ದಾಟಬೇಕಿತ್ತು.

ಹೊರ್ಮುಜ್, ಏಡನ್ ಬಂದರುಗಳಿಂದ ಕುದುರೆಗಳು ಹಡಗಿನಲ್ಲಿ ನಮ್ಮ ಪಡುವಣ ಕರಾವಳಿಗೆ ಬರುತ್ತಿದ್ದವು. ಹಡಗಿನಲ್ಲಿ ವಾರಗಟ್ಟಲೆ ಕಟ್ಟಿಹಾಕಿದ ಕುದುರೆ ಕಾಲು ಸೋತು, ಹೊಟ್ಟೆ ಕೆಟ್ಟು ಸಾಯುವುದು ಸಾಮಾನ್ಯ. ಉಳಿದದ್ದು ಭಟ್ಕಳದಲ್ಲೋ ಗೋವೆಯಲ್ಲೋ ಇಳಿದು, ಘಟ್ಟ ಹತ್ತಿ, ಮಲೆನಾಡಿನ ಮಳೆ ದಾಟಿ ಬಯಲುಸೀಮೆಯ ಬಿಸಿಲಿಗೆ ಬರಬೇಕು. ಹಾಗೆ ನೋಡಿದರೆ ಹಂಪಿಗೆ ಬಂದು ಮುಟ್ಟಿದ ಪ್ರತಿ ಕುದುರೆಯೂ ಆಗಲೇ ಒಂದು ದೊಡ್ಡ ಓಟ ಮುಗಿಸಿ ಬಂದದ್ದೇ. ಬಂದದ್ದು ಬದುಕುವ ಭರವಸೆಯೂ ಇರಲಿಲ್ಲ. 13ನೆಯ ಶತಮಾನದ ಕೊನೆಗೆ ತಮಿಳು ಕರಾವಳಿ ಕಂಡ ಮಾರ್ಕೊ ಪೋಲೊ, ಅಲ್ಲಿಯ ಅರಸ ವರ್ಷಕ್ಕೆ ಎರಡು ಸಾವಿರ ಕುದುರೆ ಕೊಂಡರೆ ವರ್ಷದ ಕೊನೆಗೆ ನೂರೂ ಉಳಿಯುವುದಿಲ್ಲ ಎಂದು ಬರೆದ. ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಾರೆ, ಲಾಳ ಕಟ್ಟುವವರಿಲ್ಲ, ವ್ಯಾಪಾರಿಗಳು ಬೇಕೆಂದೇ ಅಂಥವರನ್ನು ಬರಗೊಡುವುದಿಲ್ಲ ಎಂದು ಅವನ ದೂರು. ಸತ್ತಷ್ಟೂ ಮಾರಾಟ ಹೆಚ್ಚುತ್ತದಲ್ಲ!

ಸತ್ತ ಕುದುರೆಯ ನಷ್ಟ ಯಾರ ತಲೆಗೆ? ಅದೇ ಪಾಂಡ್ಯರ ವ್ಯವಹಾರದ ಬಗ್ಗೆ ಪಾರಸಿ ಇತಿಹಾಸಕಾರ ವಸ್ಸಾಫ್ ಹೇಳುವುದು: ದಾರಿಯಲ್ಲಿ ಸತ್ತ ಕುದುರೆಯ ಬೆಲೆಯನ್ನೂ ಅರಸನ ಬೊಕ್ಕಸ ಕೊಡಬೇಕೆಂದು ಕರಾರಿತ್ತು. ವಿಜಯನಗರವೂ ಇದೇ ದಾರಿ ಹಿಡಿಯಿತು. 1530ರ ದಶಕದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಫೆರ್ನಾವೊ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ಆದ್ದರಿಂದ ಕುದುರೆಯ ಮಾತು ಬಂದಾಗ ಅವನ ಬರವಣಿಗೆ ಲೆಕ್ಕದ ಪುಸ್ತಕದ ಹಾಗಾಗುತ್ತದೆ. ಅವನ ಪ್ರಕಾರ ಸಾಳುವ ನರಸಿಂಹ ಸಾವಿರ ಪರ್ದಾವುಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ, ಬದುಕಿದ್ದರೂ ಸತ್ತಿದ್ದರೂ. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕು, ಬದುಕಿದ್ದ ಕುದುರೆಯಷ್ಟೇ ಹಣ. ಇದನ್ನು ಅರಸನ ಉದಾರತೆ ಎಂದು ಓದುವವರಿದ್ದಾರೆ, ದಡ್ಡತನ ಎಂದು ಓದುವವರೂ ಇದ್ದಾರೆ. ನನಗೆ ಅದು ಹತಾಶೆಯಿಂದ ಹುಟ್ಟಿದ ಜಾಣತನದಂತೆ ಕಾಣುತ್ತದೆ. ನಷ್ಟದ ಭಯ ಹೋದರೆ ವ್ಯಾಪಾರಿ ಹಡಗು ತುಂಬಿಸುತ್ತಾನೆ. ತುಂಬಿದ ಹಡಗಿನಿಂದ ಗಟ್ಟಿಯಾದವು ಇಳಿಯುತ್ತವೆ. ಪರೀಕ್ಷೆ ಮಾಡುವುದು ಕಡಲು, ಪರೀಕ್ಷೆಯ ಶುಲ್ಕ ಬೊಕ್ಕಸದ್ದು. ಇನ್ನೊಂದು ಲಾಭವೂ ಇತ್ತು: ವಿಜಯನಗರದಲ್ಲಿ ಸತ್ತ ಕುದುರೆಗೂ ಹಣ ಸಿಗುವಾಗ ವ್ಯಾಪಾರಿ ಬಹಮನಿಗಳ ಬಂದರಿಗೆ ಯಾಕೆ ಹೋದಾನು?

ಮುಂದೆ ಈ ಲೆಕ್ಕ ಇನ್ನೂ ಬಿಗಿಯಾಯಿತು. ಅರಸ ವರ್ಷಕ್ಕೆ ಹೊರ್ಮುಜಿನ ಕುದುರೆ, ದೇಶಿ ಕುದುರೆ ಸೇರಿ ಹದಿಮೂರು ಸಾವಿರ ಕೊಳ್ಳುತ್ತಿದ್ದ ಎನ್ನುತ್ತಾನೆ ನೂನಿಜ್. ಸಂಖ್ಯೆ ಉಬ್ಬಿದ್ದಿರಬಹುದು, ವ್ಯವಸ್ಥೆ ಉಬ್ಬಿದ್ದಲ್ಲ. ಒಳ್ಳೆಯವು ಅರಸನ ಲಾಯಕ್ಕೆ. ದೇಶಿ ಕುದುರೆಗಳನ್ನು ನಾಯಕರಿಗೆ ಸಾವಿರಕ್ಕೆ ಐದರಂತೆ ಮಾರುತ್ತಿದ್ದ. ಸೆಪ್ಟೆಂಬರ್ ತಿಂಗಳೊಳಗೆ ಅವರು ಹಣ ಕಟ್ಟಬೇಕು. ಆ ಹಣದಿಂದಲೇ ಪೋರ್ಚುಗೀಸರ ಅರಬಿ ಕುದುರೆಗಳ ಸಾಲ ತೀರುತ್ತಿತ್ತು, ಬೊಕ್ಕಸದಿಂದ ಒಂದು ಕಾಸೂ ಹೋಗುತ್ತಿರಲಿಲ್ಲ. ಇನ್ನೊಂದು ಕಡೆ ನೂನಿಜನೇ ಹೇಳುತ್ತಾನೆ, ದೇಶಿ ಕುದುರೆಗಳನ್ನು ಅರಸ ಕೊಳ್ಳುತ್ತಿದ್ದದ್ದು ಸಾವಿರಕ್ಕೆ ಹನ್ನೆರಡು, ಹದಿನೈದರಂತೆ. ಎರಡನ್ನೂ ಸೇರಿಸಿ ನೋಡಿ: ಎಪ್ಪತ್ತು-ಎಂಬತ್ತು ಪರ್ದಾವುಗೆ ಕೊಂಡ ಕುದುರೆ ನಾಯಕನಿಗೆ ಇನ್ನೂರಕ್ಕೆ ಬೀಳುತ್ತಿತ್ತು. ಬೇಡ ಎನ್ನುವ ಹಾಗಿಲ್ಲ. ಅರಬಿ ಕುದುರೆಯ ತಾಕತ್ತಿಗೆ ಹಣ ಕೊಟ್ಟವರು ಬಡಕಲು ಕುದುರೆ ಏರಿದವರು.

ಅರಮನೆಯ ಕುದುರೆಗಳಿಗೆ ಅರಸನ ಮುದ್ರೆ ಹಾಕುತ್ತಿದ್ದರು. ಕುದುರೆ ಸತ್ತರೆ ಸವಾರ ಮುದ್ರೆಯಿದ್ದ ಚರ್ಮದ ತುಂಡನ್ನು ಕೊಯ್ದು ತಂದು ಅಶ್ವದಳದ ಮುಖ್ಯಸ್ಥನಿಗೆ ಒಪ್ಪಿಸಬೇಕು. ಆಗ ಬದಲಿಗೆ ಇನ್ನೊಂದು ಕುದುರೆ, ಹೆಚ್ಚಾಗಿ ದೇಶಿಯದು. ಕಡಲಲ್ಲಿ ಸತ್ತದ್ದಕ್ಕೆ ಬಾಲ, ನೆಲದ ಮೇಲೆ ಸತ್ತದ್ದಕ್ಕೆ ಚರ್ಮ. ನಮ್ಮ ಕಾಲದ ರಸೀದಿ ಚೀಟಿಗಳೇ ಇವು. ಹಂಪಿಯ ಹಜಾರರಾಮ ಗುಡಿಯ ಹೊರಗೋಡೆಯ ಮೇಲೆ ಸಾಲುಗಟ್ಟಿ ನಡೆಯುವ ಕುದುರೆಗಳನ್ನು ನೋಡುವಾಗ ನನಗೆ ಈ ಚರ್ಮದ ತುಂಡುಗಳು ನೆನಪಾಗುತ್ತವೆ. ಕಲ್ಲಿನ ಕುದುರೆಗಳೆಲ್ಲ ಮೈತುಂಬಿದವು, ದಣಿದದ್ದು ಒಂದೂ ಇಲ್ಲ.

ಮಹಾನವಮಿಯ ಮೆರವಣಿಗೆಯನ್ನು ಕಣ್ಣಾರೆ ಕಂಡ ಡೊಮಿಂಗೊ ಪಾಯಸ್ ಎಲ್ಲಕ್ಕಿಂತ ಮುಂದೆ ನಡೆಯುವ ಒಂದು ಕುದುರೆಯ ಬಗ್ಗೆ ಬರೆಯುತ್ತಾನೆ. ಅದರ ಮೇಲೆ ಎರಡು ರಾಜಛತ್ರಿ. ಅರಸರು ಪಟ್ಟವೇರುವಾಗ ಪ್ರಮಾಣ ಮಾಡುವುದು ಆ ಕುದುರೆಯ ಮೇಲೆ. ಅದು ಸತ್ತರೆ ಇನ್ನೊಂದನ್ನು ಅದರ ಜಾಗದಲ್ಲಿ ನಿಲ್ಲಿಸುತ್ತಾರೆ. ಇಡೀ ಸಾಮ್ರಾಜ್ಯದಲ್ಲಿ ತಾಕತ್ತಿನ ಪರೀಕ್ಷೆಗೆ ಒಳಗಾಗದೆ ಮರ್ಯಾದೆ ಪಡೆದ ಕುದುರೆ ಅದೊಂದೇ ಇದ್ದೀತು.

1520ರ ರಾಯಚೂರು ಯುದ್ಧದಲ್ಲಿ ಇಷ್ಟೂ ಖರ್ಚು ಫಲ ಕೊಟ್ಟಿತು ಎನ್ನಬಹುದು. ಬಿಜಾಪುರದ ತೋಪುಗಳ ಮೊದಲ ಏಟಿಗೆ ವಿಜಯನಗರದ ಮುಂದಳ ಚದುರಿತು. ಕೃಷ್ಣದೇವರಾಯ ತಾನೇ ಮುಂದೆ ಬಂದು ದಂಡನ್ನು ತಿರುಗಿಸಿ ನುಗ್ಗಿಸಿದ. ಆದಿಲ್ ಶಹಾ ಕೃಷ್ಣೆ ದಾಟಿ ಪಾರಾದ. ಮುದಗಲ್ ಪ್ರಸಂಗದಲ್ಲಿ ಎರಡನೆಯ ಏಟಿಗೆ ಮುರಿದವರು ಇಲ್ಲಿ ಎರಡನೆಯ ಏಟು ತಾವೇ ಕೊಟ್ಟರು. ಗೆದ್ದ ಮೇಲೆ ಸಿಕ್ಕ ಸಾಮಾನಿನ ಪಟ್ಟಿಯಲ್ಲಿ ನೂನಿಜ್ ನಾಲ್ಕು ಸಾವಿರ ಹೊರ್ಮುಜ್ ಕುದುರೆಗಳನ್ನು ಹೇಳುತ್ತಾನೆ. ಕಡಲ ಪರೀಕ್ಷೆ, ಬಿಸಿಲಿನ ಪರೀಕ್ಷೆ, ಯುದ್ಧದ ಪರೀಕ್ಷೆ ಮೂರನ್ನೂ ದಾಟಿ, ಪುಕ್ಕಟೆಯಾಗಿ ಕೈಗೆ ಬಂದ ಕುದುರೆಗಳು! ಆ ಪಟ್ಟಿ ಬರೆಯುವಾಗ ವ್ಯಾಪಾರಿ ನೂನಿಜನ ಹೊಟ್ಟೆ ಸ್ವಲ್ಪವಾದರೂ ಉರಿದಿರಬೇಕು.

ಇಷ್ಟು ಹೇಳಿದ ಮೇಲೆ ದೇಶಿ ಕುದುರೆಯ ಪರವಾಗಿ ಒಂದು ಮಾತು ಆಡಬೇಕು. ಇಮ್ಮಡಿ ದೇವರಾಯನ ಹಿರಿಯರು ಅದನ್ನು ಬಡಕಲು ಎಂದದ್ದು ಕವಚ ತೊಟ್ಟ ಸವಾರನನ್ನು ಹೊತ್ತು ಶತ್ರುವಿನ ಸಾಲಿನ ಮೇಲೆ ನುಗ್ಗುವ ಕೆಲಸಕ್ಕೆ. ಆ ಕೆಲಸಕ್ಕೆ ಎತ್ತರ ಬೇಕು, ಎದೆ ಬೇಕು, ಒಂದು ಗಳಿಗೆಯ ಸಿಡಿತ ಬೇಕು. ತಾಕತ್ತಿಗೆ ಇನ್ನೊಂದು ಬಗೆಯೂ ಇದೆ: ಕಡಿಮೆ ಮೇವು, ಕೆಟ್ಟ ನೀರು, ಕಲ್ಲಿನ ದಾರಿ, ಹಗುರ ಸವಾರ, ನಿತ್ಯದ ದೂರ. ದಖನ್ನಿನ ತಟ್ಟುಗಳು ಇದರಲ್ಲಿ ಗಟ್ಟಿ. ಭೀಮಾ ನದಿಯ ದಂಡೆಯ ಭೀಮಥಡಿ ತಳಿಗೆ ಹೆಸರು ಬಂದದ್ದೇ ಇದರಿಂದ. ಹುರುಳಿ ಇಲ್ಲದ ದಿನ ಒಣಹುಲ್ಲಿನ ಮೇಲೂ ನಡೆಯುವ ಈ ಪುಟ್ಟ ಕುದುರೆಯನ್ನು ಲಾಯದಲ್ಲಿ ನಿಲ್ಲಿಸಿ ನೋಡಿದರೆ ಯಾರೂ ಇನ್ನೂರು ಪರ್ದಾವು ಕೊಡಲಾರರು. ಅದನ್ನು ತೂಗಬೇಕಾದದ್ದು ಹತ್ತನೆಯ ದಿನದ ಸಂಜೆಗೆ.

ಮರಾಠರು ತೂಗಿದ್ದು ಹಾಗೆ. ಅವರ ದಂಡಿನಲ್ಲಿ ಎರಡು ಬಗೆಯ ಸವಾರರು. ಬಾರಗೀರನಿಗೆ ಕುದುರೆ ಸರಕಾರದ ಪಾಗೆಯಿಂದ. ಶಿಲೇದಾರ ತನ್ನ ಕುದುರೆ ತಾನೇ ತರುವವನು. ನಮ್ಮ ಕಡೆ ಇವೆರಡೂ ಈಗ ಮನೆತನದ ಹೆಸರುಗಳಾಗಿ ಉಳಿದಿವೆ. ಶಿಲೇದಾರನ ಕುದುರೆ ಸತ್ತರೆ ಅವನ ಅನ್ನವೇ ಹೋದಂತೆ. ಚರ್ಮದ ತುಂಡು ಕೊಯ್ದು ತಂದರೆ ಬದಲಿ ಸಿಗುವ ಸವಾರ ಕುದುರೆಯನ್ನು ನೋಡುವ ಬಗೆಗೂ, ಸತ್ತರೆ ತನ್ನದೇ ನಷ್ಟ ಎನ್ನುವ ಸವಾರ ನೋಡುವ ಬಗೆಗೂ ವ್ಯತ್ಯಾಸ ಇದ್ದೇ ಇರುತ್ತದೆ. ಎರಡನೆಯವನು ದಾರಿಯಲ್ಲಿ ಇಳಿದು ನಡೆಯುತ್ತಾನೆ, ಗೊರಸಿನ ಕಲ್ಲು ತೆಗೆಯುತ್ತಾನೆ. ಯುದ್ಧದ ಬಿಸಿಯಲ್ಲಿ ಕುದುರೆ ಉಳಿಸಿಕೊಳ್ಳಲು ಹಿಂದೆಯೂ ಸರಿಯುತ್ತಾನೆ. ಶಿವಾಜಿ ಬಾರಗೀರರನ್ನೇ ಹೆಚ್ಚು ನೆಚ್ಚಿದ್ದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ.

1677ರ ಮೊದಲಲ್ಲಿ ಸೇನಾಪತಿ ಹಂಬೀರರಾವ್ ಮೋಹಿತೆಯ ದಂಡು ಯಲಬುರ್ಗಾ ಸೀಮೆಗೆ ಬಂತು. ಎದುರಿಗೆ ಬಿಜಾಪುರದ ಪಠಾಣ ಸರದಾರ ಹುಸೇನ್ ಖಾನ್ ಮಿಯಾನಾ. ಮರಾಠಿ ಆಕರಗಳಲ್ಲಿ ಊರಿನ ಹೆಸರು ಯೆಲಗೆಡ್ಲಾ ಎಂದಾಗಿದೆ. ಹುಸೇನ್ ಖಾನ್ ಸೋತು ಸೆರೆಯಾದ. ಮರಾಠರ ಕಡೆಯ ನಾಗೋಜಿ ಜೇಧೆ ಬಾಣ ತಗುಲಿ ಸತ್ತ. ಕೊಪ್ಪಳದ ಕೋಟೆ ಮರಾಠರ ವಶಕ್ಕೆ ಬರಲು ದಾರಿಯಾಯಿತು. ಆನೆಗೊಂದಿಯಿಂದ ಹೊರಟ ಐದು ಸಾವಿರ ಉತ್ತಮ ಕುದುರೆಗಳು ಬರಿಗೈಯಲ್ಲಿ ಮರಳಿದ ಬಯಲಿಗೆ ಒಂದೇ ದಿನದ ದಾರಿಯಾಚೆ, 271 ವರ್ಷಗಳ ನಂತರ, ಹುಸೇನ್ ಖಾನನ ಲಾಯದ ಕುದುರೆಗಳನ್ನು ಮರಾಠರು ತಮ್ಮ ಪಾಗೆಗೆ ಸೇರಿಸಿಕೊಂಡರು.